ಒಂದೂವರೆ ಡಿಗ್ರಿ

ಗೆಂಟ್ ಊರಿನಲ್ಲಿ ಇವತ್ತು ಬಿಸಿಲು ಮೂವತ್ತೇಳು.
ಕಾಲುವೆಯ ನೀರಿಗೂ ಬೆವರಿನ ವಾಸನೆ,
ಟ್ರಾಮ್ ಕಂಬಿಯ ಮೇಲೆ ನಡುಗುವ ಗಾಳಿ,
ಸೇತುವೆಯ ನೆರಳು ಬಿಟ್ಟು ಬಾತುಗಳೂ ಕದಲವು.
ನಾನೊಬ್ಬ ಮಾತ್ರ, ಸೈಕಲ್ಲಿನ ಬುಟ್ಟಿಯಲ್ಲಿ
ಒದ್ದೆ ಗೋಣಿ ಸುತ್ತಿದ ಮೂರು ಬಾಟಲಿ ಇಟ್ಟು
ಗೊಡೆಲೀವ ಟೀಚರ ಹಿತ್ತಲಿಗೆ ಹೊರಟಿದ್ದೇನೆ
ಐವತ್ತಮೂರರಲ್ಲೂ
ಹೋಂವರ್ಕ್ ಮರೆತವನ ಹೊಟ್ಟೆ ಹೊತ್ತು.

ಆಗ ಈಕೆಯ ಕೈಯೇ
ಮಧ್ಯಾಹ್ನ ಶಾಲೆಯ ಊಟದ ಮೇಜಿನಲ್ಲಿ
ನಮ್ಮ ಲೋಟಗಳಿಗೆ ಬಿಯರು ಬಗ್ಗಿಸುತ್ತಿದ್ದುದು.
ನಗಬೇಡಿ, ಕಾಲ ಹಾಗಿತ್ತು:
ಲೀಕ್ ಸೊಪ್ಪಿನ ಸಾರು, ಆಲೂಗಡ್ಡೆ, ತೆಳ್ಳನೆ ಬಿಯರು,
ಆಮೇಲೆ ಹದಿನೇಳರ ಮಗ್ಗಿ.
ಮೂಗಿನ ತುದಿಗೆ ನೊರೆ ಮೆತ್ತಿಕೊಂಡ ಏಳು ವರ್ಷದವರು
ದೊಡ್ಡವರಾಗಿಬಿಟ್ಟೆವು ಅಂದುಕೊಂಡಿದ್ದೆವು.
ತಲೆ ತಿರುಗುತ್ತಿದ್ದುದು ಮಗ್ಗಿಗೆ.

ಬಿಯರು ಕುದಿಸುವುದೇ ಈಗ ನನ್ನ ಕಸುಬು.
ಒಂಬತ್ತು ಡಿಗ್ರಿಯ ಕಪ್ಪು ಬಿಯರು ಸುಲಭ, ನಿಜ ಹೇಳುತ್ತೇನೆ,
ಎಷ್ಟೇ ತಪ್ಪು ಮಾಡಿ
ಅಮಲು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ.
ಒಂದೂವರೆ ಡಿಗ್ರಿಯದಕ್ಕೆ ಮೈಮೇಲೆ ಬಟ್ಟೆಯಿಲ್ಲ.
ನಲ್ಲಿ ನೀರಿನ ಸುಣ್ಣವೂ ಅದರಲ್ಲಿ ಎದ್ದು ಕಾಣುತ್ತದೆ.

ಪಕ್ಕದ ಮನೆಯ ಫೆರ್ನಾಂಡ್ ಕರೆಯದೆ ಬಂದು ಕೂತ,
ಮೂವತ್ತು ವರ್ಷ ಟ್ರಾಮ್ ಓಡಿಸಿದವನು.
ಲೋಟವನ್ನು ಬಿಸಿಲಿಗೆ ಹಿಡಿದು,
"ಇದು ಬಿಯರಲ್ಲ ಕಣೋ ಯೋರಿಸ್,
ಬಿಯರಿನ ಕಥೆ ಕೇಳಿಸಿಕೊಂಡ ನೀರು."

ಮೊದಲನೆಯದು ಎಲ್ಡರ್ ಹೂವಿನದು.
ರೈಲು ಹಳಿಯ ಪಕ್ಕ ಬೆಳಗಿನ ಐದಕ್ಕೆ ಬಿಡಿಸಿದ ಹೂ.
ಟೀಚರು ಮೂಸಿದರು, ಅಷ್ಟೆ.
"ಸೆಂಟು ಬಳಿದುಕೊಂಡು ಪರೀಕ್ಷೆಗೆ ಬಂದಿದೆ."
ಎರಡನೆಯದು ಬುಟ್ಟಿಯಲ್ಲೇ ಢಬ್ಬೆಂದು ಒಡೆದು
ಕಲ್ಲುಹಾಸಿನ ಸಂದಿಗಳಿಗೆ ನಿಂಬೆ ಕುಡಿಸಿತು.
ಇರುವೆಗಳ ಅಭಿಪ್ರಾಯ ಇನ್ನೂ ಬಂದಿಲ್ಲ.

ಮೂರನೆಯದು ರೂಬಾರ್ಬ್ ದಂಟಿನದು.
ತೆಳು ಗುಲಾಬಿ, ನಾಚಿದ ಕಿವಿಯ ಹಾಗೆ.
ಮೊದಲು ಏನೂ ಇಲ್ಲ, ತಂಪು ಅಷ್ಟೆ,
ಆಮೇಲೆ ದವಡೆಯ ಮೂಲೆಯಲ್ಲಿ ಒಂದು ಒಗರು
ಎದ್ದು, ಕೈಕಟ್ಟಿ ನಿಂತು,
ತನ್ನ ಹೆಸರು ಹೇಳಿ ಕೂತುಕೊಂಡಿತು.
ಟೀಚರು ಕಣ್ಣು ಮುಚ್ಚಿದರು.
ಲೋಟ ಅರ್ಧವಾಯಿತು.

ಅದೇ ಸಮಯವೆಂದು ಕೇಳಿಯೇಬಿಟ್ಟೆ:
ಶಾಲೆಯ ಬಿಯರಿನ ಕೊನೆಗೊಂದು ಹುಳಿ ಇರುತ್ತಿತ್ತಲ್ಲ,
ನಾಲಿಗೆಯ ಅಂಚಿಗೆ ಚುರುಕ್ ಅನ್ನಿಸಿ ಮಾಯವಾಗುವುದು,
ಮೂರು ಬೇಸಿಗೆಯಿಂದ ಅದರ ಬೆನ್ನು ಹತ್ತಿದ್ದೇನೆ,
ಎಷ್ಟು ಬಗೆಯ ಹುದುಗು, ಎಷ್ಟು ಹಣ್ಣು, ಎಷ್ಟು ಸಾಲ.

ಅವರು ಕೆಮ್ಮು ಬರುವಷ್ಟು ನಕ್ಕರು.
"ಜಗ್ಗುಗಳನ್ನು ವಿನೆಗರಿನಲ್ಲಿ ತೊಳೆಯುತ್ತಿದ್ದೆ.
ನಲವತ್ತು ಮಕ್ಕಳು, ಒಬ್ಬಳೇ ನಾನು.
ಸರಿಯಾಗಿ ಜಾಲಿಸಲು ಪುರುಸೊತ್ತೆಲ್ಲಿತ್ತು?
ಮತ್ತೆ, ಅರ್ಧ ನಲ್ಲಿ ನೀರು. ಯಾರಿಗೂ ಹೇಳಬೇಡ."

ಬಾಟಲಿಯ ಚೀಟಿಯ ಮೇಲೆ
ಕೆಂಪು ಪೆನ್ಸಿಲಿನಲ್ಲಿ ಬರೆದರು: ಹತ್ತಕ್ಕೆ ಆರೂವರೆ.
ಉಳಿದ ಮೂರೂವರೆ?
"ಅದು ಬಾಯಾರಿಕೆಯದು. ನೀನು ಮಾಡಿದ್ದಲ್ಲ."

ಫೆರ್ನಾಂಡ್ ಅಷ್ಟರಲ್ಲಿ ಬಾಟಲಿಯನ್ನು ತಲೆಕೆಳಗೆ ಹಿಡಿದು
ಕೊನೆಯ ಹನಿಗೆ ಕಾಯುತ್ತಿದ್ದ,
ನಿಲ್ದಾಣದಲ್ಲಿ ಟ್ರಾಮಿಗೆ ಕಾಯುವವನಂತೆ.
ಟೀಚರು ಅವನ ಕಡೆ ತಿರುಗಿ, ಥಟ್ಟನೆ,
"ಹದಿನೇಳೆಂಟಲ?"
ಅವನು ಬಾಯಿ ತೆರೆದ, ಮುಚ್ಚಿದ.
ನನ್ನ ಬಾಯಲ್ಲಿ ಒಗರು ಇನ್ನೂ ಇತ್ತು,
ಅದರ ಹಿಂದೆಯೇ ಬಂತು,
ಒಂದೂ ತಡವರಿಸದೆ,
ನೂರಾ ಮೂವತ್ತಾರು.