ಕಾರ್ಡಿಗೆ ಮಣೆ

ಕಾರ್ಡು ತಂದೆ ಅಂದಾಗ ಕೆಳಮನೆಯ ಸರೋಜಕ್ಕ
ರೇಷನ್ ಕಾರ್ಡಾ, ಕೊನೆಗೂ ಕೊಟ್ಟರಾ, ಅಂದರು.
ಅಲ್ಲ. ಇದು ಎರಡು ಫ್ಯಾನಿನದ್ದು, ಇಟ್ಟಿಗೆಯಷ್ಟು ಭಾರ,
ದುರ್ಗಿಗುಡಿಯ ಮೂರನೇ ತಿರುವಿನಲ್ಲಿ
ಹೋದ ಯುಗಾದಿಗೆ ಶಟರ್ ಎಳೆದ ಗೇಮ್ ಅಂಗಡಿಯದ್ದು.
ಆರು ವರ್ಷ ಕಾಲೇಜು ಹುಡುಗರ ಬಂದೂಕಿಗೆ ಬೆಂಕಿ ಬಿಡಿಸಿ
ಈಗ ನನ್ನ ಪಾಲಿಗೆ ಬಂದಿದೆ.
ರೆಕ್ಕೆಗಳ ಸಂದಿಯಲ್ಲಿ ಇನ್ನೂ ಅವರ ಬೇಕರಿ ಪಫ್ಸಿನ ಪುಡಿ.

ನನ್ನ ಲ್ಯಾಪ್‌ಟಾಪು ಬಡಪಾಯಿ.
ನರ್ಸಿಂಗ್ ಹೋಮಿನಲ್ಲಿ ಬಿಲ್ಲು ಬರೆದು ಬರೆದು ಸವೆದದ್ದು;
ಆಟದ ಹೆಸರೆತ್ತಿದರೆ ತೊದಲುತ್ತಿತ್ತು.
ನನಗೋ, ದಿನವಿಡೀ ಮೈಕ್ರೋಸ್ಕೋಪಿನಲ್ಲಿ
ಊರವರ ರಕ್ತದ ಕಣ ಎಣಿಸಿ ಬಂದ ಕಣ್ಣಿಗೆ
ಒಂದಿಷ್ಟು ದೂರ ಬೇಕಿತ್ತು.

ಕಾರ್ಡಿನ ಹಿಂದೆಯೇ ಜಬೀವುಲ್ಲಾ ಬಂದ,
ಮಗಳನ್ನು ಕೊಟ್ಟ ಮನೆ ನೋಡಲು ಬಂದವನ ಹಾಗೆ.
ಚಪ್ಪಲಿ ಹೊರಗೆ ಬಿಟ್ಟು, ಪ್ಲಗ್ ಪಾಯಿಂಟು ನೋಡಿ,
"ಅರ್ಥಿಂಗ್ ಇದೆಯಾ ಮೇಡಂ?"
ಇದೆ.
"ಮಣೆ?"
ಚಪಾತಿ ಮಣೆ ಕೊಟ್ಟೆ. ಹಿಟ್ಟು ಒರೆಸಿ
ಅದರ ಮೇಲೆ ಕಾರ್ಡನ್ನು ಕೂರಿಸಿದ.

ಲ್ಯಾಪ್‌ಟಾಪನ್ನು ಬೋರಲು ಹಾಕಿ ಬೆನ್ನು ಬಿಚ್ಚಿದ,
ಒಂಬತ್ತು ಸ್ಕ್ರೂ, ಸ್ಯಾಂಪಲ್ ಡಬ್ಬಿಯ ಮುಚ್ಚಳದಲ್ಲಿ
(ಹೊಸ ಡಬ್ಬಿ ಎಂದು ಎರಡು ಸಲ ಹೇಳಬೇಕಾಯಿತು).
ವೈಫೈ ಬಿಲ್ಲೆ ಕಿತ್ತು
ಖಾಲಿಯಾದ ಸೀಳಿಗೆ ಲಾಡಿಯಂಥ ಕೇಬಲ್ಲು ತುರುಕಿದ.
"ಎರಡಕ್ಕೂ ಬಾಗಿಲು ಒಂದೇ.
ಇದು ಒಳಗೆ ಬರಬೇಕಂದ್ರೆ ಅದು ಎದ್ದು ಹೋಗಬೇಕು."
ಹೋಗಲಿ ಬಿಡಿ ಅಂದೆ.
ನನಗೆ ಬರುವ ಸುದ್ದಿ ಅಷ್ಟೇನೂ ಇರಲಿಲ್ಲ.

ಕರೆಂಟಿಗೆ ಬೇರೆ ಪೆಟ್ಟಿಗೆ, ಯಾವುದೋ ಸತ್ತ ಕಂಪ್ಯೂಟರಿನದು.
ಯಜಮಾನ ಸತ್ತದ್ದು ಅದಕ್ಕೆ ತಿಳಿಯದ ಹಾಗೆ
ಹಸಿರು ತಂತಿಗೂ ಕಪ್ಪು ತಂತಿಗೂ
ಲ್ಯಾಬ್ ರಿಪೋರ್ಟಿನಿಂದ ಕಿತ್ತ ಯು-ಪಿನ್ನು.
ಫ್ಯಾನು ತಿರುಗಿತು, ಮಣೆ ಸಣ್ಣಗೆ ನಡುಗಿತು,
ಪರದೆಯಲ್ಲಿ ಮಾತ್ರ ಹಳದಿ ತ್ರಿಕೋನ:
ಎರರ್ ಹನ್ನೆರಡು. ಸಾಕಷ್ಟು ಜಾಗವಿಲ್ಲ.

ಹತ್ತಕ್ಕೆ ಹನ್ನೆರಡಡಿಯ ಈ ವಿನೋಬನಗರದ ಕೋಣೆಗೆ
ಹೊಸ ಮಾತೇನಲ್ಲ.

ಆರಿಸಿದ, ಹಚ್ಚಿದ, ಮತ್ತೆ ಆರಿಸಿದ.
ಚಹಾ ತಣ್ಣಗಾಯಿತು. ತಾಳಗುಪ್ಪದ ರೈಲು ಕೂಗಿ ಹೋಯಿತು.
"ರ್‍ಯಾಮ್ ಎಷ್ಟಿದೆ?"
ಎಂಟು. ನಾಲ್ಕು ನಾಲ್ಕರ ಎರಡು ಪಟ್ಟಿ.
"ಒಂದನ್ನ ತೆಗೀತೀನಿ."
ಜಾಸ್ತಿ ಇದ್ದಷ್ಟೂ ಒಳ್ಳೇದಲ್ಲವಾ?
"ನೆನಪು ಗೋಡೆಯಿಂದ ಗೋಡೆಗೆ ಚಾಪೆ ಹಾಸ್ಕೊಂಡು ಮಲಗಿದೆ ಮೇಡಂ,
ಬಂದೋರು ಎಲ್ಲಿ ಕೂತ್ಕೋಬೇಕು?"

ಒಂದು ಪಟ್ಟಿ ಎದ್ದಿತು.
ತ್ರಿಕೋನ ಹೋಯಿತು.
ಆಮೇಲೆ ಹಿಮ: ಹೆಸರೇ ಗೊತ್ತಿಲ್ಲದ ದೇಶದ ಹೆದ್ದಾರಿ,
ಲಾರಿಯ ಗಾಜಿನ ಮೇಲೆ ಒಂದೊಂದು ಹರಳೂ ಬೇರೆ ಬೇರೆ,
ಎಣಿಸಬೇಕಾಗಿಲ್ಲದ ಬಿಳಿಯ ಕಣಗಳು.

ಮೊದಲು ನೀವು ಅಂದೆ.
ನಾಚಿದ. ಹನ್ನೊಂದು ವರ್ಷ ಅಂಗಡಿ ನಡೆಸಿ
ನೋಡಿದ್ದು ಹುಡುಗರ ಹಿಂದಲೆ, ಗೋಡೆ ಗಡಿಯಾರ;
ಆಡಿದ್ದೇ ಇಲ್ಲವಂತೆ.
ಕೂತ. ಲಾರಿ ಹೊರಟಿತು.
"ಆಗುಂಬೆ ಘಾಟಿ ಮುಂದೆ ಇದೇನಲ್ಲ," ಅಂದ
ಮೊದಲ ತಿರುವಿನಲ್ಲೇ ಬೇಲಿ ಸವರುತ್ತಾ.

ನಡುರಾತ್ರಿಯ ಖಾಲಿ ಚೌಕ, ಕೆಂಪು ದೀಪ.
ನಿಲ್ಲಿಸಿದ.
ಯಾರೂ ಇಲ್ಲ, ಹೋಗಬಹುದು, ಆಟ ತಾನೇ ಅಂದೆ.
"ಇರಲಿ ಮೇಡಂ." ಕೈ ಮಡಚಿ ಕೂತ.
ಹಿಮ ಬೀಳುತ್ತಿತ್ತು. ಮಣೆಯ ಮೇಲೆ ಕಾರ್ಡು
ಉಸಿರು ಬಿಗಿಹಿಡಿದು ಆ ದೀಪವನ್ನೇ
ಕ್ಷಣಕ್ಕೆ ಅರವತ್ತು ಸಲ ಬರೆಯುತ್ತಿತ್ತು.

ಸರಿಯಾಗಿ ಒಂದು ಗಂಟೆಗೆ ತಾನೇ ಎದ್ದ.
"ಟೈಮ್ ಆಯ್ತು," ಅಂದ, ಯಾರಿಗೋ ಅನ್ನುವಂತೆ;
ಕೈ ಜೇಬಿಗೆ ಹೋಗಿತ್ತು, ಅರ್ಧದಲ್ಲೇ ನಕ್ಕ.

ಉಳಿದ ಪಟ್ಟಿ ಮೇಜಿನ ಮೇಲಿದೆ.
ರಾತ್ರಿ ಅನ್ನಕ್ಕಿಟ್ಟೆ,
ಮಣೆ ಖಾಲಿಯಿರಲಿಲ್ಲ.