ಕೋಲು ಚುಚ್ಚಿದ ಗುಳಿ

ವಿರಾಜಪೇಟೆಯ ಡಾಕ್ಟರು ಮಾತ್ರೆ ಬರೆದು
ಚೀಟಿಯ ಹಿಂಬದಿಗೆ ಪಟ್ಟಿ ಗೀಚಿದರು:
ಕೆಮ್ಮಿನ ಸಿರಪ್ಪು ಬೇಡ, ಗಡ್ಡ ಹೆರೆದು ಹಚ್ಚುವ ನೀರು ಬೇಡ,
ಕ್ರಿಸ್ಮಸ್ ಕೇಕಿನ ಕಡೆ ಸುಳಿಯಬೇಡ.
"ಒಂದು ತೊಟ್ಟು ಸೇರಿದರೂ ಮುಖ ಕೆಂಡವಾದೀತು, ಬಿದ್ದಪ್ಪ,
ಎದೆ ದುಡಿ ಬಡಿದೀತು."
(ಹೆಸರಿಗೆ ತಕ್ಕ ಹಾಗೆ
ಚರಂಡಿಯಂಚಿನಲ್ಲಿ ಸಿಕ್ಕವನು ನಾನು, ಎಷ್ಟೋ ಸಲ.)

ಅಂದಿನಿಂದ ದೇಚು ಕನ್ನಡಕ ಏರಿಸಿ
ಶೀಶೆಗಳ ಬೆನ್ನು ಓದುತ್ತಾಳೆ.
ವೆನಿಲ್ಲಾ ಎಸೆನ್ಸಿನ ಕಿರುಬೆರಳುದ್ದದ ಬಾಟಲಿ
ಕಸದ ಗುಂಡಿಗೆ ಹೋಯಿತು.
ಕಾಚಂಪುಳಿಯನ್ನು ಮೂಸಿ, ಮತ್ತೆ ಮೂಸಿ,
"ಇದು ಬರೀ ಹುಳಿ, ಬರೀ ಹುಳಿ"
ಎಂದು ತನಗೆ ತಾನೇ ಆಣೆಯಿಟ್ಟುಕೊಂಡಳು.

ಮೂಗಿಗೆ ಈಗ ಬುದ್ಧಿ ಬಂದಿದೆ.
ಐದು ಗಂಟೆಗೆ ದೋಸೆಹಿಟ್ಟು ಮುಚ್ಚಳ ಎತ್ತಿ ಉಸಿರು ಬಿಟ್ಟರೆ
ಗೊತ್ತಾಗುತ್ತದೆ.
ಬೇಕರಿಯ ಬಿಸಿ ಬನ್ನು ಮುರಿದರೆ,
ಮಚ್ಚೆ ಬಿದ್ದ ಬಾಳೆಹಣ್ಣು ಸುಲಿದರೆ.
ಗಿಡದಡಿ ಉದುರಿದ ಕಿತ್ತಳೆಯ ಮೇಲೆ
ಜೇನುಹುಳ ನೆಟ್ಟಗೆ ಹಾರಲಾರದೆ ಸೊಟ್ಟ ಸುತ್ತುತ್ತದೆ.
ಕುಡಿಯುವಾಗ ಕಾಣದ್ದು
ಬಿಟ್ಟ ಮೇಲೆ ಎಲ್ಲೆಲ್ಲೂ.

ಡಾಕ್ಟರಿಗೆ ಹೇಳಿದೆ, ನಕ್ಕರು:
"ನಿನ್ನ ಕರುಳೂ ರಾತ್ರಿ ತುಸು ಕಳ್ಳು ಹುಳಿಸಿಕೊಳ್ಳುತ್ತದಯ್ಯ.
ಅದಕ್ಕೆ ಲೈಸೆನ್ಸು ಬೇಡ."

ಕಾರಣರಿಗೆ ಮೀದಿ ಇಡುವ ದಿನ.
ಎಲೆಯ ಮೇಲೆ ಕಡಂಬುಟ್ಟು, ಹಂದಿಸಾರು,
ಪಕ್ಕದಲ್ಲಿ ಲೋಟ.
ತಮ್ಮ ಪೂವಯ್ಯ ಮೆಲ್ಲಗೆ, "ನಾನು ಸುರಿಯಲಾ?"
ಎಲ್ಲರ ಕಣ್ಣು ಬಾಟಲಿ ಬಿಟ್ಟು ನನ್ನ ಕೈಮೇಲೆ.
ಹಿರಿಯ ನಾನು. ನಾನೇ ಸುರಿದೆ,
ತುಂಬ.
ಅಜ್ಜ ಅರ್ಧ ಲೋಟಕ್ಕೆ ಒಪ್ಪಿದವನೇ ಅಲ್ಲ.
ಹೆಬ್ಬೆರಳ ಮೇಲೆ ಒಂದು ಹನಿ ಕೂತಿತು,
ದೀಪದ ಬೆಳಕು ಅದರೊಳಗೆ ಹೊಕ್ಕು ಹೊರಬಂತು.
ಚೇಲೆಗೆ ಒರೆಸಿಕೊಂಡೆ.
ವಾಸನೆ ಊಟದ ತುಂಬ ಇತ್ತು.

ಮಾರನೆಯ ಬೆಳಗು, ಅಮ್ಮತ್ತಿಯ ಪಲ್ಪರ್ ಮನೆ.
ತೊಗಟೆ ಕಳಚಿದ ಕಾಫಿ ತೊಟ್ಟಿಯಲ್ಲಿ
ಲೋಳೆ ಲೋಳೆಯಾಗಿ, ಸಣ್ಣಗೆ ಬುಸುಗುಡುತ್ತ.
ಹೊರಗೆ ಸಿಪ್ಪೆಯ ರಾಶಿ,
ಅದರ ವಾಸನೆ ಥೇಟು ಸಂತೆ ದಿನದ ಹೆಂಡದಂಗಡಿ.
ನನ್ನ ಕೆಲಸ ಇಷ್ಟೆ: ಕೋಲು ಚುಚ್ಚುವುದು, ಎತ್ತುವುದು.
ಗುಳಿ ಮುಚ್ಚಿಕೊಂಡರೆ ಇನ್ನೂ ಇರಲಿ.
ಹಾಗೇ ನಿಂತರೆ ಆ ಕ್ಷಣವೇ ತೊಳೆಯಬೇಕು,
ತಡವಾದರೆ ಇಡೀ ತೊಟ್ಟಿ ನಾರುತ್ತದೆ,
ಯಾರದೋ ಊರಿನ ಕಪ್ಪಿನಲ್ಲಿ ಸಿಕ್ಕಿಬೀಳುತ್ತದೆ.
ಮೂವತ್ತು ಹಂಗಾಮು, ಒಮ್ಮೆಯೂ ತಪ್ಪಿಲ್ಲ.
ಮನೆಗೆ ಹೋಗುವಾಗ ಮಾತ್ರ
ಕೋಲು ಇಲ್ಲೇ ಒರಗಿಸಿ ಹೋಗುತ್ತಿದ್ದೆ.

ಚುಚ್ಚಿದೆ. ಎತ್ತಿದೆ.
ಮಂಜು ಇಣುಕಿ ನೋಡುವಷ್ಟು ಹೊತ್ತು
ಗುಳಿ ನಿಂತೇ ಇತ್ತು.
"ನೀರು ಬಿಡು, ಚೋಮ," ಅಂದೆ.