ಬನ್ನಿನ ವ್ಯಾನಿನಲ್ಲಿ ಬಂಗಾರಕ್ಕೆ

ಶಿವಾಜಿನಗರದ ಬೇಕರಿಯವರು ಮಾರಿದ ಮೆಟಡಾರು.
ಬಣ್ಣ ಬಳಿದರೂ ಬಾಗಿಲ ಮೇಲೆ ಇನ್ನೂ
ಅರ್ಧ ಬನ್ನು, ಮುಕ್ಕಾಲು ರಸ್ಕು.
ವರ್ಷದಿಂದ ದೂಳಿನ ಗೋಣಿ ಹೊತ್ತ ಹೊಟ್ಟೆಯೊಳಗೆ
ಎರಡು ಹಲಗೆ ಬಡಿದು ಮಂಚ ಮಾಡಿದೆ,
ಸ್ಟವ್ವಿಗೊಂದು ಮೂಲೆ, ಕಿಟಕಿಗೆ ಹಳೇ ಸೀರೆ.
"ಮನೆಗೆ ಚಕ್ರ ಇರಬಾರದು ಕಣೋ" ಅಂದಳು ಚಿಕ್ಕಮ್ಮ.
ಅಂದು, ಮೊದಲು ಹತ್ತಿ ಕೂತವಳೂ ಅವಳೇ.

ಹೆಸರು ಅಮಲೋರ್ಪವಂ. ನಮ್ಮ ಬಾಯಲ್ಲಿ ಬರೀ ಅಮಲು.

ನಮ್ಮದು ನಗರ್ತಪೇಟೆಯ ಕಸದ ಕಸುಬು.
ಬೆಳಗಿನ ನಾಲ್ಕಕ್ಕೆ, ನಾಯಿಗಳೂ ಆಕಳಿಸುವ ಹೊತ್ತಿಗೆ,
ಅಕ್ಕಸಾಲಿಗರ ಮೆಟ್ಟಿಲು ಗುಡಿಸುತ್ತೇವೆ:
ಅರದ ಪುಡಿ, ಕೂದಲು, ಬೀಡಿಯ ತುಂಡು,
ಬಂಗಾಳದ ಹುಡುಗರು ಕೈ ತೊಳೆದ ಮೋರಿಯ ಕೆಸರು,
ಎಲ್ಲ ಗೋಣಿಗೆ.
ಏಳು ನೀರು ತೊಳೆದು, ಪಾದರಸ ಉಣಿಸಿ,
ಪಂಚೆಯ ತುಂಡಲ್ಲಿ ಹಿಂಡಿ, ಸುಟ್ಟರೆ
ಒಂದು ಗುಲಗಂಜಿ. ಕೆಲವು ದಿನ
ಗುಲಗಂಜಿಯ ಕಪ್ಪು ಕಣ್ಣಿನಷ್ಟು.
ಅಪ್ಪನಿಗೆ ಕೊನೆಕೊನೆಗೆ ಕೈ ನಡುಗಿ
ಬೆರಳಲ್ಲಿ ಅನ್ನದ ಅಗುಳೂ ನಿಲ್ಲುತ್ತಿರಲಿಲ್ಲ.

ಚಿಕ್ಕಮ್ಮ ಹುಟ್ಟಿದ್ದು ಚಾಂಪಿಯನ್ ರೀಫಿನ ಲೈನು ಮನೆಯಲ್ಲಿ.
ನಮ್ಮ ಮೋರಿ ಅಂದರೆ ಮೊದಲಿಂದ ತಾತ್ಸಾರ.
"ಇದು ಚಿನ್ನವೇನೋ? ಯಾರದೋ ಕೈಯ ಕೊಳೆ.
ನೆಲದೊಳಗಿಂದ ಬರಬೇಕು, ಬಿಸಿಬಿಸಿ,
ಯಾರ ಕತ್ತನ್ನೂ ಇನ್ನೂ ನೋಡದ್ದು."
ಸೈನೈಡ್ ದಿಬ್ಬದ ಹಿಂದೊಂದು ಹಳ್ಳ,
ಮಳೆಯ ಮರುದಿನ ಮಿನುಗುತ್ತದೆ ಅಂತ
ಅವಳಣ್ಣ ಆರೋಗ್ಯಂ ಹೇಳಿದ್ದನಂತೆ.
ಕೆಮ್ಮುತ್ತ ಹೇಳಿದ್ದು;
ಅರ್ಧ ದಾರಿ ಕೆಮ್ಮಲ್ಲೇ ಹೋಯಿತು.

ಹೊರಟೆವು. ಟಿನ್ ಫ್ಯಾಕ್ಟರಿಯ ಹತ್ತಿರ
ಒಂದು ಗಂಟೆ ಹತ್ತು ನಿಮಿಷ ನಿಂತೆವು.
ಇಳಿದು ಟೀ ಕುಡಿದು ಬಂದೆ, ವ್ಯಾನು ಅಲ್ಲೇ ಇತ್ತು.
ಚಿಕ್ಕಮ್ಮ ಸ್ಟವ್ ಹಚ್ಚಿ ಒಗ್ಗರಣೆ ಹಾಕಿದಳು,
ಪಕ್ಕದ ಬಸ್ಸಿನಲ್ಲಿ ಇಪ್ಪತ್ತು ಜನ ಸೀನಿದರು.
ಮೇಲೆ ಮೆಟ್ರೋ ಕಂಬ, ಕೆಳಗೆ ಬಗೆದ ಗುಂಡಿ.
"ಇವರೂ ಏನೋ ಹುಡುಕುತ್ತಿದ್ದಾರೆ ಪಾಪ,
ಇನ್ನೂ ಸಿಕ್ಕಿಲ್ಲ."

ಬಂಗಾರಪೇಟೆಯಲ್ಲಿ ಬಂಗಾರ ಬೋರ್ಡಿನ ಮೇಲಿತ್ತು, ತುಕ್ಕು ಹಿಡಿದು.
ದಿಬ್ಬದ ಹಿಂದೆ ಹಳ್ಳವೇ ಇರಲಿಲ್ಲ,
ಮಳೆ ಬಿದ್ದಾಗ ನೀರೇ ಕೊರೆದುಕೊಳ್ಳುವ ಕಂದಕ ಬಿಟ್ಟರೆ.
ಬಾಣಲೆ ತಿರುಗಿಸಿದೆ. ತಿರುಗಿಸಿದೆ.
ಕಾಗೆಬಂಗಾರ.
ರಾತ್ರಿ ಗಾಳಿಗೆ ದಿಬ್ಬದ ಬೂದುಪುಡಿ
ಸೀರೆಯ ಪರದೆ ದಾಟಿ ನಾಲಿಗೆಗೆ ಬಂದು ಕೂತಿತು.
ಕೆಮ್ಮಿದೆ.
ಕತ್ತಲಲ್ಲಿ ಚಿಕ್ಕಮ್ಮ ತಟ್ಟನೆ ಎದ್ದು ಕೂತಳು.
ಬೆಳಗ್ಗೆ ಒಬ್ಬಳೇ ಹೋಗಿ
ಹುಟ್ಟಿದ ಮನೆಯ ಉಳಿದ ಗೋಡೆ ಮುಟ್ಟಿ ಬಂದಳು.
ಏನೂ ಹೇಳಲಿಲ್ಲ. ಕೈ ಒರೆಸಿಕೊಳ್ಳಲೂ ಇಲ್ಲ.
"ಗಾಡಿ ತಿರುಗಿಸು."

ಪೇಟೆಗೆ ಬಂದು, ಹಳೇ ಚಾಳಿ, ವ್ಯಾನು ಗುಡಿಸಿದೆ.
ಗೋಣಿಗಳಿಂದ ವರ್ಷವಿಡೀ ಸೋರಿದ್ದು,
ಹಲಗೆಯ ಸಂದಿಯ ರಸ್ಕಿನ ಚೂರು,
ದಿಬ್ಬದ ಬೂದಿ, ಅವಳ ಅಂಗೈಯ ಗೋಡೆಸುಣ್ಣ,
ಎಲ್ಲ ಒಂದೇ ಗುಡ್ಡೆ.
ಏಳು ನೀರು ತೊಳೆದೆ. ಹಿಂಡಿದೆ. ಸುಟ್ಟೆ.
ಬೆಂಕಿಯ ಹೊಗೆ ಕಳೆಯುವವರೆಗೆ
ಚಿಕ್ಕಮ್ಮನನ್ನು ಬೀದಿಯಲ್ಲೇ ನಿಲ್ಲಿಸಿದ್ದೆ.

ಎರಡು ಗುಲಗಂಜಿ, ಕೂದಲೆಳೆ ಮೇಲೆ.

ಡೀಸೆಲ್ಲಿನ ಲೆಕ್ಕ ಶುರುಮಾಡಿದೆ, ಬಾಯಿ ಮುಚ್ಚಿಸಿದಳು.
ಬೀದಿದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದಳು,
ಬಸ್ಸಿನಲ್ಲಿ ಮಗುವಿನ ವಯಸ್ಸು ಕೇಳುವ ಕಂಡಕ್ಟರಿನ ಹಾಗೆ.
"ಯಾವುದಿದು? ಮೋರಿಯದೋ, ಗಣಿಯದೋ?"
"ಮೂಸೆಗೆ ಅದೆಲ್ಲ ನೆನಪಿರಲ್ಲ ಚಿಕ್ಕಮ್ಮ."
ಅವಳು ಒಪ್ಪಲಿಲ್ಲ.
ಮೂಗಿನ ಹತ್ತಿರ ತಂದಳು,
ಕಣ್ಣು ಮುಚ್ಚಿ, ಬಹಳ ಹೊತ್ತು,

"ಬನ್ನು" ಅಂದಳು.